ಬಿಸಿಯ ಬಾಬತ್ತು

ಫಹಾಹೀಲಿನ ಆ ಏಳು ಮಾಳಿಗೆಯ ಕಟ್ಟಡದಿಂದ
ನಾನು ಇಳಿಸಿದ್ದು ಇನ್ನೂರ ಹದಿನಾಲ್ಕು ಬಲ್ಬು.
ಮೆಟ್ಟಿಲಿನವು, ಲಿಫ್ಟಿನ ಎದುರಿನವು,
ತಾರಸಿಯ ಟಾಂಕಿಯ ಬಳಿ ಪಾರಿವಾಳದ ಹಿಕ್ಕೆ ಮೆತ್ತಿದ್ದು ಒಂದು.
ಹೆಸರು ವಾಮನ; ಏಣಿಯಿಲ್ಲದೆ ಯಾವ ಲೋಕಕ್ಕೂ ಕೈ ಎಟುಕದು.
ಉರಿಯುತ್ತಿದ್ದುದನ್ನು ಬಟ್ಟೆ ಸುತ್ತಿಯೇ ತಿರುಗಿಸಬೇಕು,
ಮರೆತರೆ ಬೆರಳ ತೊಗಲು ಗಾಜಿಗೇ ದಾನ.

ಹೊಸತಕ್ಕೆ ಬಟ್ಟೆ ಬೇಡ.
ಹಾಲು ಬಣ್ಣದ ಬುರುಡೆ, ಹೊತ್ತಿರುವಾಗಲೇ ಹಿಡಿಯಬಹುದು,
ಗುರುತಿಲ್ಲದವರು ಕೈ ಕುಲುಕಿದ ಹಾಗಿರುತ್ತದೆ.

ಎಂಜಿನಿಯರ್ ಕಾಗದದಲ್ಲಿ ಬರೆದು ತೋರಿಸಿದ್ದ:
ಹಳೆಯದು ನೂರು ಫಿಲ್ಸ್ ನುಂಗಿದರೆ
ತೊಂಬತ್ತಕ್ಕೂ ಮೇಲೆ ಬರೀ ಬಿಸಿಗೆ ಹೋಯಿತು,
ಬೆಳಕಿಗೆ ಉಳಿದದ್ದು ಚಿಲ್ಲರೆ.
ಆ ಬಿಸಿಯನ್ನು ಹೊರಗೆ ದಬ್ಬಲು ಏಸಿಗೆ ಮತ್ತೆ ಕೂಲಿ.
'ವ್ಯರ್ಥ' ಎಂಬ ಬಾಬತ್ತಿನ ಕೆಳಗೆ ಎರಡು ಗೆರೆ ಎಳೆದ.
ಆಗಸ್ಟಿನಲ್ಲಿ ಐವತ್ತು ಡಿಗ್ರಿ ಪುಕ್ಕಟೆ ಸುರಿಯುವ ಊರಲ್ಲಿ
ಬಿಸಿಯನ್ನು ಕಾಸು ಕೊಟ್ಟು ಕೊಳ್ಳುವವರುಂಟೇ ಮಾರಾಯ!
ನಕ್ಕೆವು, ನಾನೂ, ಪೈಪಿನ ಮುತ್ತುವೇಲನೂ.

ಹಳೆಯದೆಲ್ಲ ಹೊನ್ನು ಎನ್ನುವ ಜಾತಿಯವನಲ್ಲ ನಾನು.
ಐದನೇ ಮಾಳಿಗೆಯ ತಿರುವಿನಲ್ಲಿ ತಿಂಗಳಿಗೆರಡು ಸಲ
ಫ್ಯೂಸಾಗುತ್ತಿದ್ದ ಅರವತ್ತು ವ್ಯಾಟಿನ ಪುಣ್ಯದಿಂದ
ನನ್ನ ಎಡ ಭುಜದೊಳಗೆ ಒಂದು ಸ್ಟೀಲಿನ ಪಟ್ಟಿಯಿದೆ.
ಈಗ ಏಣಿ ಗೋಡೆಗೊರಗಿ ಧೂಳು ತಿನ್ನುತ್ತಿದೆ.
ಉಳಿತಾಯದ ಪಟ್ಟಿಯಲ್ಲಿ ನನ್ನ ಓವರ್‌ಟೈಮೂ ಸೇರಿದೆ,
ಅದು ಬೇರೆ ಮಾತು.

ಒಂದು ಮಾತ್ರ ಒಪ್ಪುತ್ತೇನೆ:
ಹಳೆಯದು ಸತ್ತರೆ ಸತ್ತೆ ಎಂದು ಹೇಳುತ್ತಿತ್ತು.
ಕಿವಿಯ ಹತ್ತಿರ ಅಲ್ಲಾಡಿಸಿದರೆ
ತುಂಡಾದ ತಂತಿ, ಸಣ್ಣ ಗೆಜ್ಜೆ.
ಹೊಸದು ಹೇಳುವುದಿಲ್ಲ. ಮಿಣುಕುತ್ತದೆ, ಮಂಕಾಗುತ್ತದೆ,
ಮೂರು ವಾರ ನಮ್ಮನ್ನೇ ಅನುಮಾನಕ್ಕೆ ಹಾಕುತ್ತದೆ.

ಜನವರಿ. ಉತ್ತರದ ಗಾಳಿ
ಮರುಭೂಮಿಯ ಚಳಿಯನ್ನೆಲ್ಲ ಬಾಚಿ ತಂದು
ಸಮುದ್ರದಂಚಿನ ನಮ್ಮ ಓಣಿಗೆ ಸುರಿಯಿತು.
ಮೆಟ್ಟಿಲ ಕೆಳಗಿನ ಗೂಡಿನಿಂದ ಕಾವಲಿನ ಶಹಾತಾ ಕೂಗಿದ,
'ಯಾ ಫಾಮನ್!' ಅವನ ಬಾಯಲ್ಲಿ ನಾನು ಹಾಗೆ.
ನೈಲ್ ನದಿಯ ಮೇಲ್ದಂಡೆಯವನು,
ಒಂದರ ಮೇಲೊಂದು ಎರಡು ನಿಲುವಂಗಿ ತೊಟ್ಟಿದ್ದ.
ಬೆಳಕು ಬಹಳ ಒಳ್ಳೆಯದಯ್ಯ, ಅಂದ,
ಕನ್ನಡಕವಿಲ್ಲದೆ ಸಣ್ಣಕ್ಷರ ಓದುತ್ತೇನೆ.
ಆಮೇಲೆ ಎರಡೂ ಅಂಗೈ ಬಲ್ಬಿನತ್ತ ಎತ್ತಿದ,
ದೋಸೆಕಲ್ಲಿನ ಕಾವು ನೋಡುವವರ ಹಾಗೆ.
'ಮಾಫಿ,' ಅಂದ.
ಇಲ್ಲ.

ಮೊದಲು ಅಲ್ಲಿ, ತಂತಿಯ ಬುಟ್ಟಿಯ ಮೇಲೆ,
ಅವನ ಕಾಲುಚೀಲ ಒಣಗುತ್ತಿತ್ತು,
ರಾತ್ರಿಯ ರೊಟ್ಟಿ ಬೆಳಗಿನ ತನಕ ಮೆತ್ತಗಿರುತ್ತಿತ್ತು,
ಬೆರಳ ಗಂಟುಗಳು ಬಾಂಗಿನ ಹೊತ್ತಿಗೆ ಮಡಚುತ್ತಿದ್ದವು.
ಇದೆಲ್ಲ ನನಗೆ ಗೊತ್ತಿತ್ತೇ? ಗೊತ್ತಿತ್ತು.
ಅಕ್ಟೋಬರಿನಲ್ಲಿ ಏಣಿಯ ಮೇಲೆ ನಿಂತು
ಆ ಕಾಲುಚೀಲವನ್ನು ಬದಿಗೆ ಸರಿಸಿದ್ದೇ ನಾನು.

ಚಳಿ ಎಂದರೆ ನಲವತ್ತು ದಿನ.
ಉಳಿದ ಮುನ್ನೂರ ಇಪ್ಪತ್ತೈದು ಎಂಜಿನಿಯರನವು.
ಅವನ ಕೂಡು ಕಳೆ ಎಲ್ಲ ಸರಿ.
ಬಾಬತ್ತು ಬರೆಯುವಾಗ ಮಾತ್ರ
ಯಾರನ್ನೂ ಕೇಳಲಿಲ್ಲ.

ಹಳೆಯವು ರಟ್ಟಿನ ಪೆಟ್ಟಿಗೆಗಳಲ್ಲಿ ಇನ್ನೂ ತಾರಸಿಯಲ್ಲಿದ್ದವು.
ಸ್ಟೋರಿಗೆ ಒಪ್ಪಿಸಿದ ರಸೀದಿಯಲ್ಲಿ ಇನ್ನೂರ ಹದಿಮೂರು;
ಒಂದು ಒಡೆಯಿತು ಎಂದು ಬರೆದು ಸಹಿ ಹಾಕಿದೆ.
ಮೆಟ್ಟಿಲ ಕೆಳಗೆ ಓದಲಿಕ್ಕೆ ಮೇಲೊಂದು ಬಿಳಿ,
ಕೈಗೆ, ಕಾಲಿಗೆ, ರೊಟ್ಟಿಗೆ ಕೆಳಗೊಂದು ಹಳದಿ.

ಫೆಬ್ರವರಿ ಹತ್ತಕ್ಕೋ ಏನೋ ಅದೂ ಹೋಯಿತು.
ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ.
ಗೆಜ್ಜೆ.
ಪೆಟ್ಟಿಗೆಗಳೆಲ್ಲ ಗುಜರಿಗೆ ಹೋಗಿಯಾಗಿತ್ತು.
ಚಳಿ ಮುಗಿಯಿತಲ್ಲ ಬಿಡು, ಅಂದೆ.
ಅವನು ಬೆರಳು ಮಡಚಿ ಎಣಿಸತೊಡಗಿದ,
ಉಂಗುರದ ಬೆರಳು ಮಡಚಲಿಲ್ಲ.
ಇನ್ನೂ ಒಂದು ವಾರ ಉಂಟು, ಅಂದ.